ಸಾಲಿನ ಕೊನೆಯ ಅಡ್ಡಗೆರೆ

ದಾವಲಸಾಬರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ,
ಅವರ ಬೆರಳಿಗೆ ಬರುತ್ತಿತ್ತು.
ಗದಗಿನ ಟಾಂಗಾ ಕೂಟದ ಹಿಂದೆ, ತಗಡಿನ ಮಾಡಿನ ಪ್ರೆಸ್ಸಿನಲ್ಲಿ
ನಲವತ್ತು ವರ್ಷ ಎಲ್ಲವನ್ನೂ ತಲೆಕೆಳಗಾಗಿಯೇ ಓದಿದ್ದರು:
ಲಗ್ನಪತ್ರ, ವಕೀಲರ ನೋಟೀಸು, ಶೇಂಗಾ ಎಣ್ಣೆಯ ಲೇಬಲ್ಲು.

ನಾನು ಮೊಳೆ ಬಿಚ್ಚುವ ಹುಡುಗಿ.
ಎ-ಯನ್ನು ಎ-ಯ ಮನೆಗೆ, ಬಿ-ಯನ್ನು ಬಿ-ಯ ಮನೆಗೆ,
ಸಂಜೆ ಸೀಸದ ಕೈ ತೊಳೆದು ನಾನೂ ಮನೆಗೆ.

ಉದ್ದ ಶಬ್ದ ಬಂದರೆ ಸಾಲಿಗೆ ಹಿಡಿಸುವುದಿಲ್ಲ.
"ರೊಟ್ಟಿ ಹೆಂಗರ ಮುರಿ, ಶಬ್ದ ಹಂಗ ಮುರೀಬ್ಯಾಡ"
ಎಂದು ನನ್ನ ಗದ್ದದ ಕೆಳಗೆ ನನ್ನದೇ ಅಂಗೈ ಹಿಡಿಸಿದರು.
"ಹಂ, ಅನ್ನು."
ಮು. ನಿ. ಸಿ. ಪ್ಯಾ. ಲಿ. ಟಿ.
ಗದ್ದ ಆರು ಸಲ ಅಂಗೈಗೆ ಬಡಿಯಿತು.
"ಊರಾಗ ಹೆಂಗ ಅಂತಾರ?"
ಮುನ್. ಸಿ. ಪಾಲ್. ಟಿ.
"ನೋಡು, ಉಳದೆರಡು ಅವರ ತಿಂದಾರ."

ಪೆಟ್ಟಿನ ಮಾತು ಅವರಿಗೆ ತಿಳಿದದ್ದು
ಪ್ರಶ್ನಪತ್ರಿಕೆ ಅಚ್ಚಿಗೆ ತರುತ್ತಿದ್ದ ಹೆಬಸೂರ ಮಾಸ್ತರರಿಂದ:
ಕನ್ನಡದ ಅಕ್ಷರ ಪಂಕ್ತಿಯಲ್ಲಿ ಕುಂತು ಉಣ್ಣುತ್ತವೆ,
ಎಲ್ಲರಿಗೂ ಅಷ್ಟಷ್ಟೇ ಸಾರು.
ಇಂಗ್ಲಿಷಿನಲ್ಲಿ ಒಬ್ಬನಿಗೇ ತುಪ್ಪ,
ಬಾಜೂದವರು ಸದ್ದಿಲ್ಲದೆ ನುಂಗುತ್ತಾರೆ.
ಫೋಟೋಗ್ರಾಫ್ ಅಂದರೆ ಮೊದಲನೆಯವನಿಗೆ ತುಪ್ಪ.
ಕೊನೆಗೊಬ್ಬ ಬಂದು ಕುಂತು ಫೋಟೋಗ್ರಾಫರ್ ಆದರೆ
ಮಿಳ್ಳಿ ಎರಡನೆಯವನ ಎಲೆಗೆ ಸರಿಯುತ್ತದೆ,
ಯಾಕೆಂದು ಮಾಸ್ತರರಿಗೂ ಗೊತ್ತಿರಲಿಲ್ಲ.

ಆ ವರ್ಷ ಜಿನ್ನಿಂಗ್ ಫ್ಯಾಕ್ಟರಿಯ ನೋಟೀಸು ಬಂತು, ಎರಡು ಪುಟ.
ದಾವಲಸಾಬರು ಕಣ್ಣಿನ ಪರೆ ತೆಗೆಸಲು ಹುಬ್ಬಳ್ಳಿಗೆ ಹೋಗಿದ್ದರು.
ನಾನೇ ಜೋಡಿಸಿದೆ.
ಮೊದಲ ಪುಟದ ಕಟ್ಟಕಡೆಯ ಸಾಲಿಗೆ ಅದು ಬಂತು:
ಡಿಸ್. ಕಂ. ಟಿ. ನ್ಯು. ಏ. ಶನ್.
ಗದ್ದಕ್ಕೆ ಅಂಗೈ ಹಿಡಿದೆ. ಆರು.
ಡಿಸ್ ಇಟ್ಟು, ಅಡ್ಡಗೆರೆಯ ಮೊಳೆ ಇಟ್ಟೆ.
ಉಳಿದ ಐದು ಎರಡನೆಯ ಪುಟದ ನೆತ್ತಿಗೆ ಹೋದವು.
ಅದರ ಕೆಳಗೆ ಅರವತ್ತೆರಡು ಹೆಸರು.
ಹದಿನೇಳನೆಯದು: ಫಕೀರವ್ವ ಕೋಂ ಈರಪ್ಪ ಸೊರಟೂರ.
ಅವ್ವನ ಹೆಸರು ಅಚ್ಚಿನಲ್ಲಿ!
ಅದೊಂದನ್ನು ಎರಡು ಸಲ ಒರೆಸಿ ಜೋಡಿಸಿದೆ.

ಗೇಟಿಗೆ ಎರಡೂ ಹಾಳೆ ಹಚ್ಚಿದರು, ಮೈದಾ ಅಂಟಿನಲ್ಲಿ.
ಹನ್ನೊಂದರೊಳಗೆ ಯಾರದೋ ಆಡು ಮೊದಲನೆಯದನ್ನು ತಿಂದಿತ್ತು.
ಬುತ್ತಿ ಬಿಚ್ಚುವ ಹೊತ್ತಿಗೆ ತೂಕದ ಗುಮಾಸ್ತ ಬಂದು ಓದಿದ:
ಕಂಟಿನ್ಯುಯೇಶನ್ ಆಫ್ ಸರ್ವಿಸ್.
"ಕಂಟಿನ್ಯೂ ಅಂದ್ರ ಮುಂದವರಿಯೂದು ಬೇ."

ಅವತ್ತು ಅವ್ವ ತಲೆಯ ಹತ್ತಿ ಝಾಡಿಸದೆಯೇ ಬಂದಳು,
ಕೈಯಲ್ಲಿ ಬದನೆಕಾಯಿ ಭಜಿಯ ಪೊಟ್ಟಣ,
ಎಣ್ಣೆ ಮೊಣಕೈವರೆಗೆ ಇಳಿದಿತ್ತು.
ಒಂದೇ ಸಂಜೆ.
ಮರುದಿನ ಮುಂಜಾನೆ ಗೇಟಿಗೆ ಕೀಲಿ.

ದಾವಲಸಾಬರು ಹಸಿರು ಪಟ್ಟಿ ಕಟ್ಟಿಕೊಂಡು ಮರಳಿದರು,
ಇನ್ನೂ ಬಿಚ್ಚದ ಪುಟಗಳನ್ನು ಒಂದೇ ಕಣ್ಣಿನಲ್ಲಿ ಓದಿ, ತುದಿಗೆ ನಿಂತರು.
"ತುಂಡು ಸರಿ ಐತಿ ತಂಗಿ. ಖರೆ ಪುಟ ದಾಟಿಸಿ ಮುರೀಬಾರದು.
ನಮ್ಮ ಮಾತಿನಾಗ ಇಲ್ಲ ಅನ್ನೂದು ಬಾಲಕ್ಕಿರತೈತಿ,
ಬರಲಿಲ್ಲ, ಉಣಲಿಲ್ಲ. ಇವರದು ತಲ್ಯಾಗ.
ಆಡು ತಲೀನ ತಿಂತು."

ಪೆಟ್ಟು ಎಲ್ಲಿ, ಎಂದು ಕೇಳಿದೆ.
ಚಿಮಟಿಯಿಂದ ಸೀಸ ತಟ್ಟಿ ತೋರಿಸಿದರು.
"ಏ ಮ್ಯಾಲ. ಡಿಸ್ ಅನ್ನೂದನ್ನ ಯಾರೂ ಬಡದು ಹೇಳೂದಿಲ್ಲ.
ಸುಮ್ಮ ಬಂದು ಮುಂದ ಕುಂದರತೈತಿ."

ಜೋಡಿಸಿದವರು ಯಾರೆಂದು ಅವ್ವ ಕೇಳಲಿಲ್ಲ.
ಎರಡನೆಯ ಪುಟವನ್ನು ಟ್ರಂಕಿನ ಮುಚ್ಚಳದ ಒಳಮೈಗೆ ಹಚ್ಚಿದ್ದಳು,
ಹೆಸರಿದೆಯಲ್ಲ ಎಂದು.
ಈಗಲೂ ತೆರೆದರೆ ಮೊದಲು ಕಾಣುವುದು ಆ ಸಿ:
ಸಣ್ಣ ಸಿ,
ಒಂದು ಮಾತಿನ ನಡುವಿನಿಂದ ಎದ್ದು ಬಂದದ್ದು.
ಆ ಮಧ್ಯಾಹ್ನ ಅದು ಯಾರ ಕಣ್ಣಿಗೂ ಬೀಳಲಿಲ್ಲ.